ತವರಿನ ಮಂದೆಯ ಕೂಗು

“ಗುರುಗಳೇ, ಹುಟ್ಟಿ ಬೆಳೆದ ಮನೆಯನ್ನು ಒಮ್ಮೆ ನೋಡಿ ಬರಬೇಕೆನಿಸಿದೆ. ಆ ಮನೆಯೆಂದರೆ ನನಗೆ ಬಹಳ ಹೆಮ್ಮೆ. ಇಂಥ ಹೆಮ್ಮೆಯನ್ನು ಹೊತ್ತುಕೊಂಡು ಹೋಗುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕುರಿಗಾರನಿಗೆ ಒಬ್ಬ ಮಗಳು, ಅವಳ ಬೆನ್ನಿಗೆ ಒಬ್ಬ ಮಗ. ತಾಯಿ ಸತ್ತ ಮರಿಗಳಿಗೆ ಮೇಕೆಯ ಹಾಲು ಕುಡಿಸಿ ಸಾಕುವ ಕೆಲಸ ಮಗಳದು. ಆ ಊರಿನ ಕುರಿಗಾರರು ತಮ್ಮ ಮಂದೆಯನ್ನು ಸಿಳ್ಳೆ ಹಾಕಿ ಕರೆಯುತ್ತಿದ್ದರು. ಇವಳಿಗೆ ಎಷ್ಟು ಕಲಿಸಿದರೂ ಸಿಳ್ಳೆ ಬರಲಿಲ್ಲ. ಅದಕ್ಕೆ ತನ್ನದೇ ಒಂದು ಕೂಗು ಮಾಡಿಕೊಂಡಳು. ಮೇಲಕ್ಕೇರಿ ನಡುವೆ ಒಡೆಯುವ ಕೂಗು ಅದು. ಕೇಳಿದವರೆಲ್ಲ ನಗುತ್ತಿದ್ದರು. ಆದರೆ ಅವಳು ಸಾಕಿದ ಮರಿಗಳೇ ಬೆಳೆದು ಮಂದೆಯ ಮುಂದೆ ನಡೆಯುವ ಕುರಿಗಳಾದವು. ಆ ಕೂಗಿಗೆ ಅವು ಹೊರಟರೆ ಇಡೀ ಮಂದೆ ಹಿಂದೆ ಬರುತ್ತಿತ್ತು.

ಮಗಳು ದೂರದ ಊರಿನ ಕಂಬಳಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಹೋದಳು. ಅಲ್ಲಿ ಅವಳ ಬಾಯಲ್ಲಿ ಮೂರು ಹೊತ್ತೂ ತವರಿನ ಮಾತೇ. ನಮ್ಮ ಮಂದೆಯಂಥ ಮಂದೆ ಎಲ್ಲೂ ಇಲ್ಲ, ನಾನು ಒಂದು ಸಲ ಕೂಗಿದರೆ ಸಾಕು, ಎಲ್ಲ ಬಿಟ್ಟು ಓಡಿಬರುತ್ತವೆ ಎನ್ನುವಳು. ಅತ್ತೆಗೆ ಕೇಳಿ ಕೇಳಿ ಸಾಕಾಗಿತ್ತು. ಇವಳು ತವರಿಗೆ ಹೋದಾಗಲೆಲ್ಲ ಮಂದೆ ಮೇವು ಹುಡುಕಿಕೊಂಡು ದೂರ ಹೋಗಿರುತ್ತಿತ್ತು. ಹಾಗಾಗಿ ಅವಳ ಜಂಬಕ್ಕೆ ಸಾಕ್ಷಿಯೂ ಇರಲಿಲ್ಲ, ಅಡ್ಡಿಯೂ ಇರಲಿಲ್ಲ. ಮುಂದಲೆ ನರೆಯುವವರೆಗೂ ಹೇಳಿಕೊಂಡೇ ಬಂದಳು.

ಒಂದು ವರ್ಷ ಮಳೆ ಚೆನ್ನಾಗಿ ಆಗಿ ಮಂದೆ ಊರಿನಲ್ಲೇ ಉಳಿಯಿತು. ಮಗಳು ಅತ್ತೆಯನ್ನೂ ಕರೆದುಕೊಂಡು ತವರಿಗೆ ಬಂದಳು. ಅಪ್ಪ ತೀರಿಕೊಂಡಿದ್ದ, ಮಂದೆ ತಮ್ಮನ ಕೈಯಲ್ಲಿತ್ತು. ಕುರಿ ಕೂಡಿಹಾಕುವ ರೊಪ್ಪದ ಮುಳ್ಳುಬೇಲಿ ಬಿಗಿಯಾಗಿತ್ತು. ಮರಿಗಳನ್ನು ಕೂಡುವ ಜಾಗ ಒಣಗಿ ಬೆಚ್ಚಗಿತ್ತು. ನೋಡಿ ಅವಳ ಎದೆಯುಬ್ಬಿತು. ಸಂಜೆ ಎಲ್ಲರೂ ಕೆರೆಗೆ ಹೋದರು. ಅಲ್ಲಿ ಊರಿನ ಮಂದೆಗಳೆಲ್ಲ ಒಂದರೊಳಗೊಂದು ಬೆರೆತು ನೀರು ಕುಡಿಯುತ್ತಿದ್ದವು. ಒಬ್ಬೊಬ್ಬರೂ ತಮ್ಮ ತಮ್ಮ ಮಂದೆಯನ್ನು ಕರೆದು ಬಿಡಿಸಿಕೊಳ್ಳುವುದು ಅಲ್ಲಿನ ರೂಢಿ.

“ಇಷ್ಟು ವರ್ಷ ಹೇಳಿದ್ದಾಯ್ತಲ್ಲವ್ವಾ, ಈಗ ಕೂಗು, ನೋಡಾನ,” ಎಂದಳು ಅತ್ತೆ.

ಕುರಿಗಾರರೆಲ್ಲ ತಿರುಗಿ ನೋಡಿದರು. ಕುರಿಯ ಆಯುಸ್ಸು ಎಷ್ಟೆಂದು ಕುರಿಗಾರನ ಮಗಳಿಗೆ ಯಾರಾದರೂ ಹೇಳಿಕೊಡಬೇಕೇ? ತಾನು ಸಾಕಿದ ಒಂದು ಮರಿಯೂ ಆ ಗುಂಪಿನಲ್ಲಿ ಇರಲಾರದು. ಇವು ಬಾರದಿದ್ದರೆ ಇನ್ನು ಮುಂದೆ ಅತ್ತೆಯ ಎದುರು ತವರಿನ ಹೆಸರೆತ್ತುವಂತಿಲ್ಲ. ತಮ್ಮನ ಕಡೆ ನೋಡಿದಳು. ಅವನು ಕೋಲೂರಿ ನಿಂತಿದ್ದ. ಅವಳು ಕಣ್ಣು ಮುಚ್ಚಿ ಕೂಗಿದಳು.

ತವರಿನ ಕುರಿಗಳು ತಲೆ ಎತ್ತಿದವು. ಬೇರೆಯವರ ಕುರಿಗಳ ನಡುವಿನಿಂದ ನುಗ್ಗಿ ಬಂದು ಅವಳ ಸುತ್ತ ನೆರೆದವು. ಒಂದೂ ಹಿಂದುಳಿಯಲಿಲ್ಲ. ಅತ್ತೆ ಮೂಗಿನ ಮೇಲೆ ಬೆರಳಿಟ್ಟಳು. ಮಗಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೂ ಅವಳು ತಮ್ಮನ ಕಡೆಗೇ ತಿರುಗಿದಳು.

“ಇವು ನನ್ನನ್ನ ಕಂಡೇ ಇಲ್ಲ. ಹೆಂಗ್ ಬಂದ್ವೋ?”

“ನೀನು ಹೋದ್ಮೇಲೆ ನನ್ನ ಸಿಳ್ಳೆಗೆ ಒಂದೂ ಬರ್ಲಿಲ್ಲ ಕಣಕ್ಕಾ. ಅದ್ಕೆ ನಿನ್ನ ಕೂಗೇ ಕಲ್ತೆ. ಆಮೇಲೆ ಹುಟ್ಟಿದ ಮರಿಗಳು ತಾಯಿ ಹಿಂದೆ ಬಂದು ಬಂದು ಅದನ್ನೇ ಕಲ್ತ್ವು.”

ಉಳಿದದ್ದನ್ನು ಜೊತೆಯ ಕುರಿಗಾರರು ಹೇಳಿದರು. ಮೀಸೆ ಹೊತ್ತ ಗಂಡಸು ಮಂದೆ ಊರಿನಲ್ಲಿದ್ದಷ್ಟು ದಿನವೂ ಕೆರೆಯ ಏರಿಯ ಮೇಲೆ ನಿಂತು ಹುಡುಗಿಯಂತೆ ಕೂಗುವುದನ್ನು ಕಂಡು ಊರೆಲ್ಲ ನಕ್ಕಿತ್ತು. ಅಕ್ಕನ ಹೆಸರಿನಿಂದಲೇ ಅವನನ್ನು ಕರೆದು ಕಾಡಿಸಿತ್ತು. ಅವನು ಕೂಗು ಬಿಡಲಿಲ್ಲ. ಅಕ್ಕನ ಹತ್ತಿರ ಒಂದು ದಿನವೂ ಹೇಳಿಕೊಂಡಿರಲಿಲ್ಲ.

ಮಂದೆಯನ್ನು ರೊಪ್ಪಕ್ಕೆ ಹೊಡೆದುಕೊಂಡು ಹೋಗುವಾಗ ಮಗಳು ಅತ್ತೆಯ ಕೈ ಹಿಡಿದು, “ಅತ್ತೆ, ಇವನು ನನ್ನ ತಮ್ಮ,” ಎಂದಳು. ಅತ್ತೆಗೆ ಅವನು ಮದುವೆಯ ದಿನದಿಂದಲೂ ಗೊತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ನಾನು ಹೆಮ್ಮೆಯಿಂದ ಹೋಗಬಹುದೇ?” ಎಂದ ಶಿಷ್ಯ.

“ಹೊತ್ತುಕೊಂಡೇ ಹೋಗು, ನೀನು ಬಿಟ್ಟುಬಂದ ಕೆಲಸವನ್ನು ಅಲ್ಲಿ ಯಾರು ಮಾಡುತ್ತಿದ್ದಾರೋ, ಆ ಹೆಮ್ಮೆಯನ್ನು ಅವರಿಗೆ ಕೊಟ್ಟು ಬಾ.”