ಪಂಕ್ತಿಯಲ್ಲಿ ಒಂದು ಸ್ಪ್ಯಾನಿಷ್ ಮಾತು

ಕೃಷ್ಣೆಯ ದಂಡೆಯ ಆಶ್ರಮವೊಂದರಲ್ಲಿ ಗುರುಸಿದ್ಧಜ್ಜ ಎಂಬ ಗುರು ಇದ್ದರು. ದೀಕ್ಷೆಗೆ ಮೊದಲು ಹಡಗಿನಲ್ಲಿ ಅಡುಗೆ ಮಾಡುತ್ತ ಸ್ಪೇನಿನ ಬಂದರುಗಳನ್ನು ಸುತ್ತಿದವರು. ಆ ದೇಶದ ಮಾತು ಅವರ ನಾಲಿಗೆಯ ಮೇಲೆ ಇನ್ನೂ ಉಳಿದಿತ್ತು.

ಶಿಷ್ಯೆ ನೀಲಾಂಬಿಕೆ ಅದನ್ನು ಅವರಿಂದಲೇ ಕಲಿಯುತ್ತಿದ್ದಳು.

ಒಂದು ಮುಂಜಾನೆ ಅಜ್ಜ ಹೇಳಿದರು, "ನನ್ನ ಹಡಗಿನ ಗೆಳೆಯ ಹ್ವಾದ ವರ್ಷ ತೀರಿಕೊಂಡ. ಅವನ ಹೆಂಡತಿ ಪಿಲಾರ್ ಇವತ್ತು ಬರ್ತಾಳ. ನೀನೇ ಬರಮಾಡಿಕೋ."

ನೀಲಾಂಬಿಕೆ ಬೆರಳು ಮಡಚಿ ಎಣಿಸತೊಡಗಿದಳು.

"ಅಜ್ಜಾರ, ಜಾಗ ಅನ್ನಾಕ ಆ ಭಾಷಾದಾಗ ಎಷ್ಟು ಶಬ್ದ! ಲುಗಾರ್, ಸೀತಿಯೊ, ಸೋನಾ... ಯಾವುದು ಯಾವಾಗ?"

"ಸೋನಾ ಅಂದ್ರ ಈ ದಂಡಿ ಉದ್ದಗಲ ಇದ್ದಂಗ, ಒಂದು ಸೀಮಿ. ಲುಗಾರ್ ಅಂದ್ರ ಯಾವುದೇ ಊರು, ಯಾವುದೇ ಠಾವು."

"ಸೀತಿಯೊ?"

"ಅದೂ ಠಾವೇ," ಎಂದು ಅಜ್ಜ ನಕ್ಕರು.

ಅವಳು ಅದನ್ನು 'ತಾಣ' ಎಂದು ಬಾಯಿಪಾಠ ಮಾಡಿಕೊಂಡಳು.

ಮಧ್ಯಾಹ್ನ ಪಿಲಾರ್ ದೋಣಿಯಿಂದಿಳಿದು ಬಂದಾಗ ಪಡಸಾಲೆಯ ತುಂಬ ಜನ ಹುಗ್ಗಿ ಉಣ್ಣುತ್ತಿದ್ದರು. ಮುದುಕಿ ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದಳು:

"ಆಯ್ ಸೀತಿಯೊ?"

ನೋಡುವಂಥ ತಾಣವಿದೆಯೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡಳು ನೀಲಾಂಬಿಕೆ. ಆಚೆ ದಂಡೆಯ ಹಳೆಯ ಗುಡಿಯ ಕಡೆ ಕೈ ತೋರಿಸಿ, 'ಅಲ್ಲಿದೆ' ಎಂದು ಸ್ಪಷ್ಟವಾದ ಸ್ಪ್ಯಾನಿಷಿನಲ್ಲಿ ಹೇಳಿದಳು.

ಪಿಲಾರಳ ಮುಖ ಬಾಡಿತು. ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ದೋಣಿಯ ಕಡೆ ಹೊರಟಳು.

ಪಂಕ್ತಿಯ ನಡುವೆ ಕೂತಿದ್ದ ಅಜ್ಜ ಇದನ್ನು ಕಂಡರು. ತಮ್ಮ ಪತ್ರಾವಳಿ ಎಳೆದುಕೊಂಡು ಪಕ್ಕಕ್ಕೆ ಸರಿದರು. ಪಕ್ಕದವರು ಸರಿದರು, ಅವರ ಪಕ್ಕದವರೂ. ಯಾರದೋ ಹುಗ್ಗಿ ಚೆಲ್ಲಿತು, ಇನ್ನಾರೋ ಕಂಬಕ್ಕೆ ಒತ್ತಿಕೊಂಡರು. ಪಡಸಾಲೆಯೆಲ್ಲ ನಗು.

"ಓಡು ತಂಗಿ, ಕರಕೊಂಡು ಬಾ."

"ಏನಂತ ಕರೀಲಿ ಅಜ್ಜಾರ? ಲುಗಾರ್ ಅನ್ಲ್ಯೋ, ಸೀತಿಯೊ ಅನ್ಲ್ಯೋ?"

ಅಜ್ಜ ಒಂದು ಖಾಲಿ ಪತ್ರಾವಳಿಯನ್ನು ಅವಳ ಕೈಗೆ ತುರುಕಿದರು.

ಪಿಲಾರ್ ಇನ್ನೇನು ದೋಣಿಗೆ ಕಾಲಿಡಬೇಕು, ಹಿಂದಿನಿಂದ ಕೂಗು ಕೇಳಿತು. ತಿರುಗಿ ನೋಡಿದರೆ ಹುಡುಗಿಯೊಬ್ಬಳು ಏದುಸಿರು ಬಿಡುತ್ತ, ಊಟದ ಎಲೆಯನ್ನು ಬಾವುಟದ ಹಾಗೆ ಬೀಸುತ್ತ ಓಡಿ ಬರುತ್ತಿದ್ದಾಳೆ!

ಮುದುಕಿ ಗಳಿಗೆ ಹೊತ್ತು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸೀತಿಯೊ!"

"ಸೀತಿಯೊ! ಸೀತಿಯೊ!" ನೀಲಾಂಬಿಕೆಯೂ ಕೂಗಿದಳು.

ಪಿಲಾರ್ ಗುರುವಿಗೂ ಶಿಷ್ಯೆಗೂ ನಡುವೆ ಇಕ್ಕಟ್ಟಾಗಿ ಕೂತು, ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡಳು. ಹಡಗಿನ ಅಡುಗೆಮನೆಯಲ್ಲಿ ಗಂಡ ಮಾಡಿದ ಕಿತಾಪತಿಗಳನ್ನೆಲ್ಲ ಹೇಳಿದಳು. ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೈತೊಳೆಯುವಾಗ ನೀಲಾಂಬಿಕೆ ಹೇಳಿದಳು, "ಈಗ ತಿಳೀತು ಅಜ್ಜಾರ. ಸೀತಿಯೊ ಅಂದ್ರ ಖಾಲಿ ಜಾಗ."

"ಖಾಲಿ ಎಲ್ಲಿತ್ತವ್ವಾ?" ಎಂದರು ಅಜ್ಜ. "ಸರಿದ ಮ್ಯಾಲೆ ಆತು."