ಕೋಟೆಯ ಗೋಡೆಯ ಮೇಲೆ ಒಣಗಿದ್ದು

ಅದು ಎಲ್ಲ ದಿನಗಳಂಥ ಒಂದು ಗುರುವಾರ. ಕಲ್ಲಾರದುರ್ಗದ ಹೆಂಗಸರು ಬಾಗಿಲಿಗೆ ನೀರು ಹಾಕಿದ್ದರು, ಸಂತೆಗೆ ಹೋಗುವವರು ಹೋಗಿದ್ದರು, ಅರಮನೆಯಲ್ಲಿ ಹೊಸ ಕಟ್ಟಳೆಗಳ ಓದು ನಡೆದಿತ್ತು. ದೊರೆ ಬೈರಪ್ಪನಾಯಕರಿಗೆ ಕಾನೂನಿನ ಹುಚ್ಚು. ದಿನಕ್ಕೊಂದು ಕಟ್ಟಳೆ ಹೊರಡಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಕಟ್ಟಳೆ ಬರೆಯಲು, ಬರೆದದ್ದಕ್ಕೆ ವ್ಯಾಖ್ಯಾನ ಹೇಳಲು ಗಂಗಾಧರ ದೀಕ್ಷಿತರಿದ್ದರು. ಕೋಳಿ ನೆರೆಮನೆಯ ಹಿತ್ತಿಲಲ್ಲಿ ಮೊಟ್ಟೆಯಿಟ್ಟರೆ ಅದು ಯಾರದು ಎಂಬ ಒಂದೇ ವಿಷಯಕ್ಕೆ ಅವರ ವ್ಯಾಖ್ಯಾನ ಹನ್ನೊಂದು ಓಲೆಗರಿ ದಾಟಿತ್ತು. ಓದಿ ಮುಗಿಸುವಷ್ಟರಲ್ಲಿ ಮೊಟ್ಟೆ ಮರಿಯಾಗಿ, ಮರಿ ಕೂಗಲು ಕಲಿತಿತ್ತು.

"ನೀರಿನ ಸರದಿ, ಮದುವೆ, ಮರದ ಪಾಲು, ಬೇಲಿಯ ಎತ್ತರ, ಯಾವುದನ್ನೂ ಬಿಟ್ಟಿಲ್ಲ," ನಾಯಕರು ಮೀಸೆ ತೀಡಿದರು. "ಮೂರು ತಿಂಗಳಲ್ಲಿ ತೊಂಬತ್ತು ಕಟ್ಟಳೆ! ಗೊತ್ತಿಲ್ಲ ಎನ್ನುವವನು ನಮ್ಮ ಸೀಮೆಯಲ್ಲಿ ಒಬ್ಬನೂ ಇಲ್ಲ. ಏನಯ್ಯಾ ಚೆನ್ನಿಗರಾಯ?"

ಆಸ್ಥಾನದ ಮಾತುಗಾರ ಚೆನ್ನಿಗರಾಯ ಆಕಳಿಕೆ ನುಂಗಿಕೊಂಡ. "ಹೌದು ಸ್ವಾಮಿ. ಜನ ಎಷ್ಟು ಗುಟ್ಟಾಗಿ ತಿಳಿದುಕೊಂಡಿದ್ದಾರೆಂದರೆ, ಕೇರಿಯಲ್ಲಿ ಒಬ್ಬರೂ ಬಾಯಿಬಿಡುವುದಿಲ್ಲ."

ಅಷ್ಟರಲ್ಲಿ ಕಾವಲಿನವರು ಒಬ್ಬ ಹೆಂಗಸನ್ನೂ ಒಂದು ಕಂಬಳಿಯ ಗಂಟನ್ನೂ ತಂದು ನಿಲ್ಲಿಸಿದರು.

"ಹೆಸರು ಮಾಯಕ್ಕ, ಬುದ್ಧಿ. ಕೋಟೆಯ ಗೋಡೆಯ ಮೇಲೆ ಒಣಹಾಕಿದ್ದಳು."

ದೀಕ್ಷಿತರು ಓಲೆ ಬಿಚ್ಚಿದರು. "ನಿನ್ನೆಯ ಕಟ್ಟಳೆ. ಕೋಟೆಯ ಮೇಲೆ ಯಾರೂ ಏನನ್ನೂ ಒಣಹಾಕಕೂಡದು. ಮೀರಿದವರು ಹೊತ್ತು ಮುಳುಗುವುದರೊಳಗೆ ಸೀಮೆ ಬಿಡತಕ್ಕದ್ದು."

"ನಂಗೆ ಗೊತ್ತಿರಲಿಲ್ಲ ಬುದ್ಧಿ," ಎಂದಳು ಮಾಯಕ್ಕ. "ನಮ್ಮ ಗುಡಿಸಲಿಗೆ ಬಿಸಿಲು ಬೀಳಲ್ಲ. ಸೀಮೆ ಬಿಟ್ಟು ಎಲ್ಲಿಗೆ ಹೋಗ್ಲಿ? ನನ್ನ ಗಂಡನ್ನ ಮಣ್ಣು ಮಾಡಿದ್ದು ಇಲ್ಲೇ."

"ಗೊತ್ತಿರಲಿಲ್ಲ ಎಂಬುದು ಉತ್ತರವಲ್ಲ! ನಲವತ್ತನೆಯ ಕಟ್ಟಳೆ."

ಚೆನ್ನಿಗರಾಯ ಗಂಟಿಗೆ ಕೈಚಾಚಿದ. ದೀಕ್ಷಿತರು ಹಾರಿಬಿದ್ದರು. "ಮುಟ್ಟಬೇಡ! ತೀರ್ಪಾಗುವ ತನಕ ಸಾಕ್ಷಿಯ ಗಂಟು ಬಿಚ್ಚಕೂಡದು. ಅರವತ್ತೆರಡನೆಯ ಕಟ್ಟಳೆ!"

ಕಂಬಳಿಯ ಮೂಲೆಯಲ್ಲಿ ಕೆಂಪು ಕುಚ್ಚೊಂದು ಇಣುಕುತ್ತಿತ್ತು. ಚೆನ್ನಿಗರಾಯನಿಗೆ ಅದನ್ನು ಎಲ್ಲೋ ಕಂಡ ನೆನಪು. ಮಾಯಕ್ಕನ ಬಳಿ ಬಾಗಿ ಮೆಲ್ಲಗೆ ಏನೋ ಕೇಳಿದ. ಅವಳು ಅಷ್ಟೇ ಮೆಲ್ಲಗೆ ಉತ್ತರ ಹೇಳಿದಳು.

"ದೀಕ್ಷಿತರೇ, ನಿಮ್ಮ ಕಟ್ಟಳೆ ಊರಿಗೆ ಮುಟ್ಟುವುದು ಹೇಗೆ?"

"ಇಷ್ಟೂ ಗೊತ್ತಿಲ್ಲವೇ? ಓಲೆಯ ಪ್ರತಿಯನ್ನು ಹೆಬ್ಬಾಗಿಲ ಗೂಡಿನಲ್ಲಿ ಆಳಿನ ಕೈಯಲ್ಲಿ ಇಡಿಸುತ್ತೇನೆ. ಡಂಗುರದ ಹೊನ್ನಯ್ಯ ಅದನ್ನು ಒಯ್ದು ಕೆಳಗಿನ ಕೇರಿಗಳಲ್ಲಿ ತಮಟೆ ಬಡಿದು ಸಾರುತ್ತಾನೆ. ದೊರೆಗಳ ತಾತನವರ ಮೊದಲ ಕಟ್ಟಳೆಯೇ ಅದು: ತಮಟೆ ಸಾರದ ಕಟ್ಟಳೆ ಯಾರನ್ನೂ ಕಟ್ಟದು."

"ನಿನ್ನೆಯದನ್ನೂ ಸಾರಿದನೇ?"

"ಸಾರದೆ ಇರುತ್ತಾನೆಯೇ? ಹದಿನೆಂಟು ವರ್ಷದಲ್ಲಿ ಒಂದು ದಿನ ತಪ್ಪಿಸಿದವನಲ್ಲ."

ಚೆನ್ನಿಗರಾಯ ದೊರೆಯ ಕಡೆ ತಿರುಗಿದ. "ಸ್ವಾಮಿ, ಆ ತಮಟೆಯನ್ನೇ ಸಾಕ್ಷಿ ಕೇಳೋಣವೇ?"

ನಾಯಕರಿಗೆ ನಗು ಬಂತು. "ಕೇಳಯ್ಯಾ. ತಮಟೆ ಹೇಳಿದ್ದೇ ತೀರ್ಪು. ಇನ್ನು ಮಾತಿಲ್ಲ."

"ತೀರ್ಪಾಯಿತು," ಚೆನ್ನಿಗರಾಯ ಕಾವಲಿನವರತ್ತ ತಿರುಗಿದ. "ಗಂಟು ಬಿಚ್ಚಿ."

ಕಾವಲಿನವನು ಕಂಬಳಿ ಬಿಚ್ಚಿದ. ಒಳಗಿದ್ದದ್ದು ಕೆಂಪು ಕುಚ್ಚಿನ ತಮಟೆ.

"ಇದು ಹೊನ್ನಯ್ಯನ ತಮಟೆ," ಎಂದ ಚೆನ್ನಿಗರಾಯ. "ಅವನು ತೀರಿಕೊಂಡು ಮೂರು ತಿಂಗಳಾಯಿತು. ಈಕೆ ಅವನ ಹೆಂಡತಿ."

ನಾಯಕರು ಹೆಬ್ಬಾಗಿಲ ಕಾವಲುಗಾರನನ್ನು ಕರೆದರು. "ಗೂಡಿನಲ್ಲಿದ್ದ ಓಲೆಗಳು ಏನಾದವೋ?"

"ಇಟ್ಟಲ್ಲೇ ಇವೆ ಬುದ್ಧಿ. ಒಯ್ಯೋರು ಬರಲಿಲ್ಲ, ನಾನು ಮುಟ್ಟಲಿಲ್ಲ. ಈಗ ಅದರ ಮೇಲೆ ಗುಬ್ಬಿ ಮೊಟ್ಟೆ ಇಟ್ಟದೆ."

"ಆ ಮೊಟ್ಟೆ ಯಾರದೆಂದು ದೀಕ್ಷಿತರು ನಿಧಾನವಾಗಿ ಹೇಳಲಿ," ಎಂದ ಚೆನ್ನಿಗರಾಯ. "ಸ್ವಾಮಿ, ಕೋಟೆಯ ಮೇಲೆ ಒಣಹಾಕಬೇಡಿ ಎಂದು ಊರಿಗೆಲ್ಲ ಸಾರಬೇಕಾಗಿದ್ದ ತಮಟೆಯೇ ಕೋಟೆಯ ಮೇಲೆ ಒಣಗುತ್ತಿತ್ತು. ಅದಕ್ಕೇ ತಿಳಿಯದ ಕಟ್ಟಳೆ ಈಕೆಗೆ ಹೇಗೆ ತಿಳಿಯಬೇಕು?"

ನಾಯಕರು ರುಮಾಲು ಜಾರುವಷ್ಟು ನಕ್ಕರು. ದೀಕ್ಷಿತರು ತಮ್ಮ ಓಲೆಗಳನ್ನು ಒಂದೊಂದಾಗಿ ಸುತ್ತತೊಡಗಿದರು.

"ನಿನಗೇನು ಬೇಕು ಕೇಳು, ಚೆನ್ನಿಗರಾಯ."

"ನಾಳೆ ಒಂದು ದಿನ ಓದು ಬೇಡ ಸ್ವಾಮಿ."

ನಗು ಇಳಿದ ಮೇಲೆ ನಾಯಕರು ಕೇಳಿದರು, "ಬಾರಿಸುವವರಿಲ್ಲದ ತಮಟೆಗೆ ಬಿಸಿಲು ಯಾಕಮ್ಮಾ?"

"ಅವರಿದ್ದಾಗ ದಿನಾ ಕಾಯಿಸ್ತಿದ್ರು ಬುದ್ಧಿ."

"ನಿನಗೆ ಬಾರಿಸಲು ಬರುತ್ತದೆಯೇ?"

"ಬತ್ತದೆ."

"ಹಾಗಾದರೆ ಇಂದಿನಿಂದ ಡಂಗುರದ ಕೆಲಸ ನಿನ್ನದು. ತೊಂಬತ್ತೂ ಕಟ್ಟಳೆ ರದ್ದು ಎಂದು ಮೊದಲು ಸಾರು."

ಮಾಯಕ್ಕ ತಮಟೆಯನ್ನು ಎತ್ತಿಕೊಂಡು ಒಂದು ಪೆಟ್ಟು ಹೊಡೆದಳು. ಅದರ ತೊಗಲು ಎಳ್ಳಷ್ಟೂ ಸಡಿಲವಾಗಿರಲಿಲ್ಲ.