ಬಾಗಿಲಲ್ಲಿ ಕೂತವನು

ಹೊಳೆಯ ದಂಡೆಯಲ್ಲೊಂದು ಮಠ. ಮಠಕ್ಕೊಬ್ಬರು ಅಜ್ಜನವರು. ಅವರಿಗೊಬ್ಬ ಶಿಷ್ಯ, ಹೆಸರು ಅಡವಯ್ಯ. ಬರುವ ಸೋಮವಾರ ಅವನಿಗೆ ದೀಕ್ಷೆ. ಕಾವಿ ಬಟ್ಟೆ ಮಡಿಸಿ ಇಟ್ಟಾಗಿತ್ತು. ದಿನಕ್ಕೆ ಮೂರು ಸಲ ಹೋಗಿ ಅದನ್ನು ನೋಡಿ ಬರುತ್ತಿದ್ದ.

ಹದಿನೈದು ದಿನಕ್ಕೊಮ್ಮೆ, ಗುರುವಾರ, ತಾಲ್ಲೂಕಿನಿಂದ ಡಾಕ್ಟರಮ್ಮ ಮಠಕ್ಕೆ ಬಂದು ಹೆಂಗಸರನ್ನು ನೋಡುತ್ತಿದ್ದರು. ಬಾಗಿಲಲ್ಲಿ ಕೂತು ಚೀಟಿ ಕೊಡುವ ಕೆಲಸ ಅಡವಯ್ಯನದು. ಚೀಟಿ ಕೊಟ್ಟು ಸುಮ್ಮನಿರಬೇಕು, ಅಷ್ಟೇ. ಆದರೆ ಬಾಗಿಲಲ್ಲಿ ಕೂತವನಿಗೆ ಮನೆಯೇ ತನ್ನದು ಅನ್ನಿಸಲು ಬಹಳ ದಿನ ಬೇಕಾಗುವುದಿಲ್ಲ.

ಆ ಗುರುವಾರ ಆಚೆ ದಂಡೆಯ ಊರಿನಿಂದ ಹರಿಗೋಲಿನಲ್ಲಿ ಹುಲಿಗೆವ್ವ ಬಂದಳು. ಮೂರು ಹೆಣ್ಣುಮಕ್ಕಳ ತಾಯಿ.

"ಏನಾಗೇತಿ?" ಅಂದ ಅಡವಯ್ಯ.

"ಡಾಕ್ಟರ್ ಬಾಯಾರಿಗೆ ಹೇಳ್ತೀನ್ರಿ."

"ನನಗ ಹೇಳಿದ್ರ ಚೀಟಿ."

ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದ್ದರು. ಹುಲಿಗೆವ್ವ ಸೆರಗು ಬಿಗಿಹಿಡಿದು ಹೇಳಿದಳು. "ಇನ್ನ ಮ್ಯಾಲೆ ಬಸಿರಾಗದಂಗ ಏನೇನು ದಾರಿ ಅದಾವು, ಕೇಳಬೇಕಾಗೇತ್ರಿ."

"ಗಂಡನ್ನ ಕರ್ಕೊಂಡು ಬಾ. ಇಲ್ಲಾಂದ್ರ ಆತನ ಸಹಿ ತಾ."

"ಆತ ಸಹಿ ಹಾಕಂಗಿಲ್ರಿ. ಗಂಡು ಬೇಕಂತಾನ. ದುಡಿಯಾಕ ಗೋವಾಕ್ಕ ಹೋಗ್ಯಾನ, ಅಮಾಸಿಗೆ ಬರ್ತಾನ."

"ಹಂಗಾದ್ರ ಅಮಾಸಿ ಆದ ಮ್ಯಾಲೆ ಬಾ."

"ಆಗ ಬಂದು ಏನ್ ಮಾಡ್ಲಿ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಲಿಗೆವ್ವ ನಗಲಿಲ್ಲ.

"ಹ್ವಾದ ಹೆರಿಗ್ಯಾಗ ರಕ್ತ ನಿಲ್ಲಲಿಲ್ರಿ ಅಯ್ಯಾರ. ಮೂರು ಬಾಟ್ಲಿ ಏರಿಸಿದ್ರು. ಇನ್ನೊಂದು ಆದ್ರ ಉಳಿಯೂದು ಕಷ್ಟ ಅಂದಾರ."

"ಇದು ಮಠ, ತಂಗಿ. ಇಲ್ಲಿ ಒಂದು ರೀತಿ ಐತಿ."

ನಾಲ್ಕು ಹೆಜ್ಜೆ ಆಚೆ ಡಾಕ್ಟರಮ್ಮನ ಕೋಣೆ. ಹುಲಿಗೆವ್ವ ಆ ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ ಹರಿಗೋಲು ಹತ್ತಿದಳು.

ಸಂಜೆ ಅಜ್ಜನವರು ಹೊಳೆಯ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದರು. ಅಡವಯ್ಯ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಮಠದ ಮರ್ಯಾದೆ ಉಳಿಸಿದೆನೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಶಹಬ್ಬಾಸ್ ಅನ್ನುತ್ತಾರೆಂದು ಕಾದ.

"ಡಾಕ್ಟರು ಸಹಿ ಕೇಳ್ಯಾರೇನು?"

"ಇಲ್ರಿ."

"ಕಾಯಿದೆ ಕೇಳತೈತೇನು?"

"ಗೊತ್ತಿಲ್ರಿ."

"ನಾ ಕೇಳೀನೇನು?"

"ಇಲ್ರಿ ಅಜ್ಜಾರ."

"ಮತ್ತ ಕೇಳಿದವರು ಯಾರು?"



ಅಜ್ಜನವರು ಒದ್ದೆ ಕಾಲಲ್ಲೇ ಒಳಗೆ ನಡೆದರು. ಮಡಿಸಿಟ್ಟ ಕಾವಿಯನ್ನು ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು. ಹತ್ತು ವರ್ಷದಲ್ಲಿ ಅಡವಯ್ಯ ಅದನ್ನು ನೋಡಿರಲಿಲ್ಲ.

"ನಿನ್ನ ದೀಕ್ಷಾಕ್ಕೂ ಸಹಿ ಬೇಕು. ನಿಮ್ಮವ್ವಂದು ಒಂದು. ನಿಶ್ಚಯ ಆದ ಮ್ಯಾಲೆ ಬಿಟ್ಟು ಬಂದ್ಯಲ್ಲ, ಆ ಹುಡುಗಿದು ಒಂದು. ತಗೊಂಡು ಬಾ."

"ಅಜ್ಜಾರ! ಆ ಹುಡುಗಿ ಈಗ ಯಾವ ಊರಾಗ ಅದಾಳೋ ಏನೋ. ಅವ್ವಂತೂ ಸಾಯೂತನಾ ಹಾಕಂಗಿಲ್ಲ. ಆಕಿಗೆ ಮೊಮ್ಮಕ್ಕಳು ಬೇಕಾಗಿದ್ವು."

"ಹಂಗಾದ್ರ ದೀಕ್ಷಾ ಇಲ್ಲ."

ಅಡವಯ್ಯನಿಗೆ ಸಿಟ್ಟು ನೆತ್ತಿಗೇರಿತು. ಗುರುವಿನ ಎದುರು ನಿಂತಿದ್ದೇನೆ ಅನ್ನುವುದೂ ಮರೆತುಹೋಯಿತು.

"ಇದು ಅನ್ಯಾಯ ಆತ್ರಿ! ಮಕ್ಕಳು ಬ್ಯಾಡ ಅಂತ ನಾ ಗಟ್ಟಿ ಮಾಡೀನಿ. ಮೈ ನಂದು, ಜೀವ ನಂದು. ಅದಕ್ಕ ಮಂದಿ ಅಪ್ಪಣಿ ಯಾಕ ಬೇಕು?"

ಕೂಗಿ ಮುಗಿಸಿದ ಮೇಲೆ ತಾನಾಡಿದ ಮಾತು ಅವನಿಗೇ ಕೇಳಿಸಿತು. ಮುಖ ಇಳಿದುಹೋಯಿತು.

"ನೀ ಬ್ಯಾಡ ಅಂದದ್ದಕ್ಕ ಮಂದಿ ನಿನ್ನ ಕಾಲಿಗೆ ಬೀಳ್ತಾರ," ಅಂದರು ಅಜ್ಜನವರು. "ಆಕಿ ಬ್ಯಾಡ ಅಂದದ್ದಕ್ಕ ನೀ ಬಾಗಿಲಾ ಹಾಕಿದಿ. ಡಾಕ್ಟರಮ್ಮಗ ಫೋನ್ ಮಾಡ್ತೀನಿ, ಅಮಾಸಿಗಿಂತ ಮೊದಲ, ರವಿವಾರ ಬರ್ಲಿ. ಹೋಗು, ಆಕಿಗೆ ಹೇಳಿ ಬಾ."

ಮರುದಿನ ಅಡವಯ್ಯ ಹೊಳೆ ದಾಟಿದ. ಹುಲಿಗೆವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಇವನನ್ನು ಕಂಡರೂ ಕೈಯಲ್ಲಿನ ಮೊರ ನಿಲ್ಲಲಿಲ್ಲ.

"ಯಾಕ ಬಂದ್ರಿ? ಇನ್ನೂ ನಗಸೂದು ಉಳದೈತೇನು?"

"ತಪ್ಪಾತು, ತಂಗಿ."

"ನಿಮ್ಮ ತಪ್ಪಿಗೆ ನಾ ಸಾಯಬೇಕಾಗಿತ್ತು. ನನ್ನ ಮೂರು ಮಕ್ಕಳನ್ನ ಯಾರು ನೋಡ್ತಿದ್ರು? ನೀವು ನೋಡ್ತಿದ್ರೇನು?"

ಡಾಕ್ಟರು ರವಿವಾರ ಬರುತ್ತಾರೆ ಎಂದಷ್ಟೇ ಅಡವಯ್ಯ ಹೇಳಿದ.

"ನೀವು ಬಾಗಿಲದಾಗ ಕುಂತಿದ್ರ ನಾ ಹೊಳಿ ದಾಟಂಗಿಲ್ಲ," ಅಂದಳು ಹುಲಿಗೆವ್ವ.

"ಕುಂದರಂಗಿಲ್ಲ."

ರವಿವಾರ ಡಾಕ್ಟರಮ್ಮ ಜೀಪಿನಿಂದ ಇಳಿದವರೇ ಅಡವಯ್ಯನನ್ನು ತರಾಟೆಗೆ ತೆಗೆದುಕೊಂಡರು.

"ಸಹಿ ಅಂತ ಸಹಿ! ಆಕಿ ಒಪ್ಪಿಗಿ ಒಂದು ಸಾಕು, ಮತ್ತ್ಯಾರದೂ ಬೇಕಿಲ್ಲ. ಎಷ್ಟು ದಾರಿ ಅದಾವು, ನಿನಗ ಗೊತ್ತೈತೇನು?"

"ಆಪರೇಷನ್ ಒಂದು ಗೊತ್ತ್ರಿ."

"ದಿನಾ ನುಂಗೋ ಗುಳಿಗಿ ಅದಾವು. ಮೂರು ತಿಂಗಳಿಗೊಮ್ಮೆ ಸೂಜಿ ಐತಿ. ವರ್ಷಗಟ್ಟಲೆ ಇರೋ ಕಾಪರ್-ಟಿ ಐತಿ, ಬ್ಯಾಡಾದಾಗ ತೆಗಸಬಹುದು. ನಿರೋಧ್ ಐತಿ. ಆಪರೇಷನ್ನು ಗಂಡಸಿಗೂ ಐತಿ, ಹೆಂಗಸಿನದಕ್ಕಿಂತ ಸಣ್ಣದು. ಅದನ್ನ ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ. ಯಾವ ಮೈಗೆ ಯಾವುದು ಒಗ್ಗತೈತಿ ಅಂತ ಕೂತು ಮಾತಾಡಿ ನೋಡಬೇಕು. ಅದಕ್ಕಂತನ ನಾ ಇಲ್ಲಿಗೆ ಬರೂದು. ನಡುವೆ ನೀ ಯಾರು?"

ಅಡವಯ್ಯ ತಲೆ ತಗ್ಗಿಸಿದ. ತನಗೇ ಗೊತ್ತಿಲ್ಲದ್ದನ್ನು ಅವಳು ತಿಳಿಯದಂತೆ ತಡೆದಿದ್ದ.

ಹುಲಿಗೆವ್ವ ಬಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಒಳಗೆ ಹೋಗಿ ತಾನೇ ಬಾಗಿಲು ಮುಚ್ಚಿಕೊಂಡಳು. ಅಡವಯ್ಯ ದೂರ, ಹೊಳೆಯ ಹತ್ತಿರದ ಬೇವಿನ ಮರದ ಕೆಳಗೆ ಕೂತಿದ್ದ.

ಒಂದು ತಾಸಾದ ಮೇಲೆ ಅವಳು ಹೊರಗೆ ಬಂದಳು. ಇವನ ಕಡೆ ನೋಡದೆ ಮುಂದೆ ಹೋದಳು. ಹೋದ ಗುರುವಾರ ಸೆರಗು ಬಿಗಿಹಿಡಿದಿದ್ದ ಕೈ ಈಗ ಸಡಿಲವಾಗಿತ್ತು. ಹರಿಗೋಲು ಹತ್ತಿ ಆಚೆ ದಂಡೆಗೆ ಹೊರಟಳು.

ಅಜ್ಜನವರು ಬೇವಿನ ಮರದ ಹತ್ತಿರ ಬಂದರು. ಪೆಟ್ಟಿಗೆಯ ಕೀಲಿ ಅವರ ಕೈಯಲ್ಲಿತ್ತು. ಅದನ್ನು ನೋಡಿ ಅಡವಯ್ಯನಿಗೆ ಹೋದ ಜೀವ ಬಂದಂತಾಯಿತು.

"ಕೆಲಸ ಆತಲ್ರಿ ಅಜ್ಜಾರ," ಅಂದ. ಹರಿಗೋಲಿನ ಕಡೆಯೇ ನೋಡುತ್ತ, ದನಿ ತಗ್ಗಿಸಿ ಕೇಳಿದ. "ಅಂದಂಗ, ಆಕಿ ಯಾವುದು ಆರಿಸ್ಕೊಂಡ್ಳು? ಗುಳಿಗಿನೋ, ಸೂಜಿನೋ?"

ಅಜ್ಜನವರು ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮತ್ತ ಬಾಗಿಲದಾಗ ಹೋಗಿ ಕುಂತಿ ನೋಡು. ಏಳು ಅಲ್ಲಿಂದ."